ಲಿವರ್ ಪೂರ್ತಿ ತಳ್ಳುವ ದೋಣಿ

ಫೆಬ್ರವರಿ 3

ಅಣ್ಣ,

ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ತಪ್ಪಾಗಿ ಕೇಳಿಸಿಕೊಂಡು ಜಗಳ ತೆಗೆಯುತ್ತೀಯ. ಆಯುಷ್ಯವೆಲ್ಲ ಬೋಟ್ ಎಂಜಿನ್ನುಗಳ ಪಕ್ಕ ನಿಂತ ಕಿವಿ, ಅದನ್ನು ಬೈದು ಏನು ಬಂತು. ಹಾಗಾಗಿ ಕಾಗದ. ನಿಂತು ಓದಬೇಡ, ಕೂತು ಓದು. ನಾನೊಂದು ಸ್ಪೀಡ್ ಬೋಟ್ ಕೊಳ್ಳುತ್ತಿದ್ದೇನೆ.

ನಗಬೇಡ. ನಮ್ಮ ಯಜಮಾನರು, ಮೇಷ್ಟ್ರು, ಈಗಾಗಲೇ ನಿನ್ನ ಪಾಲಿನದನ್ನೂ ಸೇರಿಸಿ ನಕ್ಕಾಗಿದೆ. "ಸ್ಕೂಟರ್ ರಿವರ್ಸ್ ತೆಗೆಯೋಕೆ ಬರಲ್ಲ ನಿಂಗೆ, ಬೋಟ್ ಓಡಿಸ್ತೀಯಾ?" ಅಂದರು. "ಸ್ಕೂಟರಿಗೆ ರಿವರ್ಸೇ ಇಲ್ಲ ಕಣ್ರೀ" ಅಂದೆ. ಲೆಕ್ಕದ ಮೇಷ್ಟ್ರು, ಇಷ್ಟೂ ಗೊತ್ತಿಲ್ಲ.

ಇಪ್ಪತ್ತು ವರ್ಷದಿಂದ ಬೇರೆಯವರ ಬಾಯೊಳಗೆ ಬಗ್ಗಿ ಹಲ್ಲು ನೋಡುತ್ತಿದ್ದೇನೆ. ಒಮ್ಮೆ ಬೆನ್ನು ನೆಟ್ಟಗೆ ಮಾಡಿ, ಮುಖಕ್ಕೆ ಗಾಳಿ ಹೊಡೆಸಿಕೊಂಡು, ಎದುರಿಗೆ ಯಾರ ಬಾಯಿಯೂ ಇಲ್ಲದ ಕಡೆ ಜೋರಾಗಿ ಹೋಗಬೇಕು ಅನ್ನಿಸಿದೆ. ಊರ ಹಿಂದಿನ ಜಲಾಶಯದಲ್ಲಿ ಈಗ ಬೋಟ್ ಕ್ಲಬ್ ಆಗಿದೆ. ಸದಸ್ಯಳಾಗಿ, ಓಡಿಸುವ ಪರವಾನಗಿಯನ್ನೂ ತೆಗೆದುಕೊಂಡೆ. ನಿನಗೆ ಹೇಳಿರಲಿಲ್ಲ.

ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಬೆನ್ನಿನ ಆಪರೇಷನ್ ಆದಮೇಲೆ ನೀನು ಮೂರು ವರ್ಷದಿಂದ ನೀರಿಗೆ ಇಳಿದಿಲ್ಲ. ಡಾಕ್ಟರು ಬಿಡುವುದಿಲ್ಲ ಅನ್ನುತ್ತೀಯ. ಸರಿ, ನೀನು ಓಡಿಸಬೇಡ. ನಾನು ಓಡಿಸುತ್ತೇನೆ, ನೀನು ಎಂದಾದರೂ ಪಕ್ಕದಲ್ಲಿ ಕೂರು. ಅದಕ್ಕೇ ದೋಣಿಯನ್ನು ನೀನೇ ಆರಿಸಿಕೊಡಬೇಕು. ಹಳೆಯದೇ ಸಾಕು, ಒಂದೇ ಎಂಜಿನ್ ಇರಲಿ, ಆದರೆ ಓಡಬೇಕು. ನನ್ನ ಜೀವ ನನಗೆ ಬೇಕು ಅನ್ನುವುದನ್ನೂ ಸ್ವಲ್ಪ ಗಮನದಲ್ಲಿಡು.

ಅತ್ತಿಗೆಯನ್ನು ಕೇಳಿದೆ ಅಂತ ಹೇಳು.

ನಿನ್ನ ತಂಗಿ


ಫೆಬ್ರವರಿ 11

ಗುಬ್ಬಿ,

ನಿನ್ನ ಕಾಗದ ಓದಿ ನಿನ್ನ ಅತ್ತಿಗೆಗೆ ಕೂಗಿ ಹೇಳಿದೆ. ಪಕ್ಕದ ಮನೆಯವರೂ ಏನಾಯ್ತೋ ಅಂತ ಓಡಿ ಬಂದರು.

ಒಂದೇ ಎಂಜಿನ್ ಅಂದಿದ್ದು ಸರಿ. ಎರಡಿದ್ದರೆ ಖರ್ಚೂ ಎರಡು, ತಲೆನೋವೂ ಎರಡು. ಆದರೆ ಒಂದೇ ಇರುವಾಗ ಅದು ಕೈಕೊಟ್ಟರೆ ನೀರಿನ ಮಧ್ಯೆ ಹುಟ್ಟು ಹಾಕುತ್ತಾ ಕೂರಬೇಕು. ಆದ್ದರಿಂದ ಆ ಒಂದನ್ನು ಸರಿಯಾಗಿ ನೋಡಬೇಕು. ನೀನು ಹೋಗುವ ಮೊದಲೇ ಎಂಜಿನ್ ಶುರು ಮಾಡಿಟ್ಟಿರುತ್ತಾರೆ, ಬಿಸಿ ಎಂಜಿನ್ ಎಂಥದ್ದಾದರೂ ಒಂದೇ ಏಟಿಗೆ ಹತ್ತಿಕೊಳ್ಳುತ್ತದೆ. ಹೋದ ತಕ್ಷಣ ಅಂಗೈ ಇಟ್ಟು ನೋಡು. ಬೆಚ್ಚಗಿದ್ದರೆ "ನಾಳೆ ಬರ್ತೀನಿ, ತಣ್ಣಗಿರಲಿ" ಅಂತ ಹೇಳಿ ವಾಪಸ್ ಬಾ. ಸಂಕೋಚ ಪಟ್ಟುಕೊಳ್ಳಬೇಡ. ಎಂಜಿನ್ನಿನ ಕೆಳಗಿನ ಗೇರ್‌ಬಾಕ್ಸಿನ ಎಣ್ಣೆ ಒಂದು ಚಮಚ ತೆಗೆಸು, ಹಾಲು ಬೆರೆಸಿದ ಹಾಗಿದ್ದರೆ ಒಳಗೆ ನೀರು ಹೊಕ್ಕಿದೆ. ಕ್ಲಬ್ಬಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ಒಂದೊಂದು ಸಿಲಿಂಡರಿನ ಒತ್ತಡ ಅಳೆಸು. ಅಂಕಿ ದೊಡ್ಡದೋ ಚಿಕ್ಕದೋ ಆಮೇಲಿನ ಮಾತು, ಎಲ್ಲವೂ ಹತ್ತಿರ ಹತ್ತಿರ ಇರಬೇಕು.

ಎಂಜಿನ್ನನ್ನು ಹೊರುವ ಹಿಂಬದಿಯ ಗೋಡೆ ಇರುತ್ತದಲ್ಲ, ಅದರ ಒಳಗೆ ಮರ ಇರುತ್ತದೆ. ಮೇಲೆ ಫೈಬರ್ ಮಿರಿಮಿರಿ ಮಿಂಚುತ್ತಿರುತ್ತದೆ, ಒಳಗೆ ಮರ ಕೊಳೆತಿರುತ್ತದೆ. ತಟ್ಟುತ್ತಾ ಹೋಗು. ಟಣ್ ಅಂದರೆ ಗಟ್ಟಿ, ದಪ್ ಅಂದರೆ ಕಥೆ ಮುಗಿಯಿತು. ಬಣ್ಣಕ್ಕೆ ಮರುಳಾಗಬೇಡ. ನೀನು ಚಿಕ್ಕಂದಿನಿಂದಲೂ ಬಣ್ಣಕ್ಕೆ ಮರುಳು.

ನೋಡಿದ್ದನ್ನೆಲ್ಲ ಬರೆ. ಉದ್ದವಾಗಿ ಬರೆ.

ಅಣ್ಣ


ಫೆಬ್ರವರಿ 24

ಅಣ್ಣ,

ಮೂರು ದೋಣಿ ನೋಡಿದೆ. ಮೊದಲನೆಯದು ಬಿಳಿ, ಹೊಸ ಫ್ರಿಜ್ಜಿನ ಹಾಗೆ ಹೊಳೆಯುತ್ತಿತ್ತು. ತಟ್ಟುವುದಕ್ಕೆ ಸುತ್ತಿಗೆ ಮರೆತಿದ್ದೆ, ಬ್ಯಾಗಿನಲ್ಲಿ ಹಲ್ಲು ನೋಡುವ ಕನ್ನಡಿ ಇತ್ತು. ಅದರ ಹಿಡಿಯಿಂದಲೇ ತಟ್ಟಿದೆ. ನಾವು ಹಲ್ಲನ್ನೂ ಹೀಗೇ ತಟ್ಟುವುದು. ಬಲಗಡೆ ಟಣ್ ಟಣ್, ಎಡಗಡೆ ಕೆಳಮೂಲೆಯಲ್ಲಿ ದಪ್. ಮಾಲೀಕ ನನ್ನನ್ನೂ ಕನ್ನಡಿಯನ್ನೂ ನೋಡಿ, "ಏನ್ ಮೇಡಂ, ದೋಣಿಗೂ ಹುಳುಕಾ?" ಅಂದ. "ಹುಳುಕೇ. ಕಿತ್ತೇ ಹಾಕ್ಬೇಕು" ಅಂದೆ. ಅವನ ಮುಖ ಹುಳ್ಳಗಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಬಂದು ಮೇಷ್ಟ್ರ ಕಪಾಟನ್ನೂ ತಟ್ಟಿ ನೋಡಿದೆ.

ಎರಡನೆಯದು ಹಸಿರು, ಚಿಕ್ಕದು, ಹದಿನಾರು ಅಡಿ. ಈಜು ಕಲಿಸುವ ಒಬ್ಬ ಮೇಡಂ ಅವರದು. ಮೊಣಕಾಲು ನೋವಂತೆ, ಹತ್ತಿ ಇಳಿಯುವುದು ಕಷ್ಟ, ಅದಕ್ಕೆ ಮಾರುತ್ತಿದ್ದಾರೆ. ಎಂಜಿನ್ ಮಧ್ಯಮದ್ದು, ಮುಟ್ಟಿದಾಗ ತಣ್ಣಗಿತ್ತು. ಸೀಟಿನ ಹೊಲಿಗೆ ಬಿಟ್ಟಿದೆ. ಕೂತು ನೋಡಿದೆ. ಸ್ಟೀರಿಂಗ್ ಕೈಗೆ ಸಿಗುತ್ತದೆ, ಮುಂದೆ ಚೆನ್ನಾಗಿ ಕಾಣುತ್ತದೆ. ನನಗೆ ಹಿಡಿಸಿತು.

ಮೂರನೆಯದು ಟೈಲ್ಸ್ ಅಂಗಡಿಯವನದು. ಕಪ್ಪು, ಇಪ್ಪತ್ತು ಅಡಿ, ಮೂತಿ ಚೂಪು, ಅಡಿಭಾಗ ಚಾಕುವಿನ ಹಾಗೆ ಕೆಳಕ್ಕೆ ಇಳಿದಿದೆ. ಹಿಂದೆ ನೇತುಹಾಕಿರುವ ಎಂಜಿನ್ ನಮ್ಮ ಕ್ಲಿನಿಕ್ಕಿನ ಬೀರುವಿನಷ್ಟಿದೆ. ಎಲ್ಲ ಕಡೆ ಟಣ್ ಅಂದಿತು. ಎಣ್ಣೆ ಶುದ್ಧವಾಗಿದೆ. ಅಂಕಿಗಳು ಹತ್ತಿರ ಹತ್ತಿರ ಇವೆ. ಫೋಟೋ ಇಟ್ಟಿದ್ದೇನೆ, ಎರಡರದ್ದೂ.

ನೀನು ಹೇಳಿದ ಹಾಗೆ ಮಾಡುತ್ತೇನೆ.

ತಂಗಿ


ಮಾರ್ಚ್ 5

ಗುಬ್ಬಿ, ಗುಬ್ಬಿ, ಗುಬ್ಬಿ,

ಆ ಕಪ್ಪು ದೋಣಿಯ ಫೋಟೋವನ್ನು ವರ್ಕ್‌ಶಾಪಿನ ಗೋಡೆಗೆ ಅಂಟಿಸಿದ್ದೇನೆ. ಬಂದ ಗಿರಾಕಿಗಳಿಗೆಲ್ಲ "ನನ್ನ ತಂಗಿದು" ಅಂತ ತೋರಿಸಿದ್ದೂ ಆಯಿತು. ಇನ್ನೂ ಕೊಂಡಿಲ್ಲ ಅಂತ ಹೇಳಲಿಲ್ಲ.

ಹಸಿರನ್ನು ಮರೆತುಬಿಡು. ಅದು ಮೊಮ್ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ದೋಣಿ. ಒಂದು ವರ್ಷದಲ್ಲಿ ನಿನಗೆ ಸಾಕಾಗುತ್ತದೆ, ಆಮೇಲೆ ಮಾರಲು ಒದ್ದಾಡುತ್ತೀಯ. ಕಪ್ಪಿನ ಅಡಿಭಾಗ ಇದೆಯಲ್ಲ, ಆ ತರಹದ್ದನ್ನು ನಾನು ಜೀವಮಾನದಲ್ಲಿ ಒಂದೇ ಸಲ ಓಡಿಸಿದ್ದು, ಅದೂ ಬೇರೆಯವರದ್ದು. ವೇಗ ಹೆಚ್ಚಿಸುವ ಲಿವರ್ ತಳ್ಳಿದರೆ ಮೊದಲು ಮೂತಿ ಎತ್ತುತ್ತದೆ, ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೆದರಬೇಡ. ಮೂತಿ ಇಳಿದ ಮೇಲೆ ಟ್ರಿಮ್ ಗುಂಡಿ ಒತ್ತುತ್ತಾ ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎತ್ತು. ದೋಣಿ ಹಗುರಾಗುತ್ತಾ ಹೋಗುತ್ತದೆ. ನೀರಿನ ಸದ್ದೇ ಬದಲಾಗುತ್ತದೆ. ಅದನ್ನು ಬರೆಯುವುದಕ್ಕೆ ನನಗೆ ಬರುವುದಿಲ್ಲ ಕಣೇ, ಬಂದಿದ್ದರೆ ಎಂಜಿನ್ ಬಿಚ್ಚುತ್ತಾ ಯಾಕೆ ಕೂರುತ್ತಿದ್ದೆ.

ಮುಂದಿನ ವಾರ ನೀರಿಗಿಳಿಸಿ ನೋಡು. ಮೊದಲು ಟೈಲ್ಸ್ ಅಂಗಡಿಯವನು ಓಡಿಸಲಿ, ನೀನು ಪಕ್ಕದಲ್ಲಿ ಕೂರು. ಆಮೇಲೆ ನೀನು. ನೀನು ಬಿದ್ದರೆ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಲೈಫ್ ಜಾಕೆಟ್ಟಿಗೆ ಸಿಕ್ಕಿಸದೆ ಲಿವರ್ ಮುಟ್ಟಬೇಡ. ಕೊನೆಯಲ್ಲಿ ಒಂದು ಸಲ ಪೂರ್ತಿ ತಳ್ಳು. ಪೂರ್ತಿ. ಆಗ ದೋಣಿ ಏನು ಮಾಡುತ್ತದೆ ಅಂತ ನನಗೆ ಬರೆ. ಮೊದಲೇ ಹೇಳುವುದಿಲ್ಲ, ನೀನೇ ಬರೆಯಬೇಕು.

ಡಾಕ್ಟರು ಬಿಟ್ಟಿದ್ದರೆ ನಾನೇ ಬರುತ್ತಿದ್ದೆ.

ಅಣ್ಣ


ಮಾರ್ಚ್ 18

ಅಣ್ಣನಿಗೆ,

ನೀನು ಹೇಳಿದಂತೆ ಕಪ್ಪು ದೋಣಿಯನ್ನು ಪರೀಕ್ಷಿಸಲಾಯಿತು. ಮೊದಲು ಅವರು ಓಡಿಸಿದರು, ನಂತರ ನಾನು. ಕೆಂಪು ಹಗ್ಗ ಸಿಕ್ಕಿಸಿಕೊಂಡಿದ್ದೆ. ತಣ್ಣಗಿದ್ದ ಎಂಜಿನ್ ಎರಡನೇ ಯತ್ನಕ್ಕೆ ಹತ್ತಿಕೊಂಡಿತು. ಮೂತಿ ಎತ್ತಿ ಇಳಿಸಿತು. ಟ್ರಿಮ್ ಕೆಲಸ ಮಾಡುತ್ತದೆ. ಕೊನೆಯಲ್ಲಿ ಲಿವರ್ ಪೂರ್ತಿ ತಳ್ಳಿದೆ. ದೋಣಿ ಮೇಜಿನ ಹಾಗೆ ಅಲ್ಲಾಡದೆ ಹೋಯಿತು. ತುಂಬ ಚೆನ್ನಾಗಿತ್ತು.

ಮರುದಿನ ಇಬ್ಬರು ಪೇಷೆಂಟುಗಳನ್ನು ಮುಂದಿನ ವಾರಕ್ಕೆ ಹಾಕಿ ಮನೆಯಲ್ಲೇ ಇದ್ದೆ. ವಯಸ್ಸಾಯಿತಲ್ಲ.

ತಿಂಗಳ ಕೊನೆಗೆ ಮುಂಗಡ ಕೊಡುತ್ತೇನೆ ಅಂತ ಅವರಿಗೆ ಹೇಳಿದ್ದೇನೆ. ನಿನಗೆ ಸಂತೋಷವಾಗಿದೆ ಅಂದುಕೊಂಡಿದ್ದೇನೆ.

ತಂಗಿ


ಮಾರ್ಚ್ 26

ಗುಬ್ಬಿ,

ನೀನು ಪೂರ್ತಿ ತಳ್ಳಿಲ್ಲ.

ಆ ದೋಣಿ ಪೂರ್ತಿ ವೇಗದಲ್ಲಿ ಮೇಜಿನ ಹಾಗೆ ಹೋಗುವುದಿಲ್ಲ. ಹೋಗಲು ಸಾಧ್ಯವೇ ಇಲ್ಲ. ವೇಗ ಹೆಚ್ಚಿದಂತೆ ಅದರ ಹೊಟ್ಟೆಯೆಲ್ಲ ನೀರಿನಿಂದ ಮೇಲೆದ್ದು, ಅಡಿಯ ಕಿರಿದಾದ ಚೂಪು ಅಂಚಿನ ಮೇಲೆ ಮಾತ್ರ ಓಡುತ್ತಿರುತ್ತದೆ. ಆಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊನೆಯಲು ಶುರುಮಾಡುತ್ತದೆ. ಸ್ಟೀರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಹಿಡಿಯಬೇಕು, ಇಲ್ಲವೇ ಲಿವರ್ ಮೆಲ್ಲಗೆ ಹಿಂದಕ್ಕೆ ಎಳೆಯಬೇಕು. ಅಂಥ ದೋಣಿ ಓಡಿಸಿದವರು ಮೊದಲು ಹೇಳುವುದೇ ಅದನ್ನು. ನೀನು ಅದನ್ನು ಬರೆಯಲಿ ಅಂತ ಕಾದು ಕೂತಿದ್ದೆ. ನೀನು ಮೇಜು ಅಂತ ಬರೆದಿದ್ದೀಯ.

ಸುಳ್ಳು ಯಾಕೆ? ನಾನೇನು ನಿನ್ನನ್ನು ಹೊಡೆಯುತ್ತಿದ್ದೆನೇ? ಮುಂಗಡ ಕೊಡಬೇಡ. ಇನ್ನೊಂದು ಸಲ ಹೋಗು, ಸರಿಯಾಗಿ ತಳ್ಳು. ಒಮ್ಮೆ ಹಿಡಿತ ಸಿಕ್ಕಿದರೆ ಆಮೇಲೆ ಹೂವಿನಷ್ಟು ಸಲೀಸು.

ಅಣ್ಣ


ಏಪ್ರಿಲ್ 3

ಅಣ್ಣ,

ಹಾಗಾದರೆ ನನ್ನನ್ನು ಪರೀಕ್ಷೆಗೆ ಕೂರಿಸಿದ್ದೆಯಾ? ದೋಣಿ ತೊನೆಯುತ್ತದೆ ಅಂತ ಗೊತ್ತಿದ್ದೂ ಒಂದು ಮಾತು ಹೇಳದೆ ತಂಗಿಯನ್ನು ಕಳಿಸಿ, ಅಲ್ಲಿ ಕಾಫಿ ಕುಡಿಯುತ್ತಾ ಉತ್ತರಕ್ಕೆ ಕಾದೆಯಾ? ಭೇಷ್.

ನಡೆದದ್ದು ಕೇಳು. ಟೈಲ್ಸ್ ಅಂಗಡಿಯವನು ಓಡಿಸಿದ. ಪೂರ್ತಿ ತಳ್ಳಿದಾಗ ದೋಣಿ ಹುಚ್ಚು ಹಿಡಿದ ಹಾಗೆ ಆ ಕಡೆ ಈ ಕಡೆ ಬಡಿದುಕೊಂಡಿತು. ನಾನು ಕಿರುಚಿದೆ. ಅವನು ನಕ್ಕು, "ಅದು ಹಂಗೇ ಮೇಡಂ, ಸ್ವಲ್ಪ ಕುಣಿಯತ್ತೆ" ಅಂದ. ದಡಕ್ಕೆ ಬಂದಮೇಲೂ ಹಿಡಿಕೆಯಿಂದ ನನ್ನ ಬೆರಳು ಬಿಡಿಸಲು ಬರಲಿಲ್ಲ. ನನ್ನ ಸರದಿ ಬಂದಾಗ ಅರ್ಧ ತಳ್ಳಿದೆ, ನೇರ ಹೋಗಿ ನೇರ ಬಂದೆ. ಅವನಿಗೆ ಓಡಿಸಲು ಬರುವುದಿಲ್ಲ, ಅದಕ್ಕೆ ಹಾಗಾಯಿತು, ನಿನ್ನಂಥವರು ಓಡಿಸಿದರೆ ಅಲ್ಲಾಡುವುದಿಲ್ಲವೇನೋ ಅಂದುಕೊಂಡು ಮೇಜು ಅಂತ ಬರೆದೆ. ಸಿಕ್ಕಿಬಿದ್ದೆ.

ಯಾಕೆ ಸುಳ್ಳು ಅಂತ ಕೇಳಿದೆಯಲ್ಲ. ಕಪ್ಪು ದೋಣಿಯ ಬಗ್ಗೆ ನೀನು ಬರೆದ ಕಾಗದದಲ್ಲಿ ನೀನು ಮೊದಲಿನ ಹಾಗಿದ್ದೆ. ಮೂರು ವರ್ಷದಿಂದ "ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ" ಅಂತ ಎರಡು ಸಾಲು ಬರೆಯುತ್ತಿದ್ದವನು, ಒಮ್ಮೆಲೇ ಮಾತಾಡಿದೆ. ಆ ದೋಣಿ ಬೇಡ ಅಂದರೆ ಮತ್ತೆ ಎರಡು ಸಾಲಿಗೆ ಹೋಗುತ್ತೀಯ ಅಂತ ಹೆದರಿಕೆಯಾಯಿತು. ಆ ಹೆದರಿಕೆ ದೋಣಿಯ ಹೆದರಿಕೆಗಿಂತ ದೊಡ್ಡದಿತ್ತು. ಅದಕ್ಕೇ ಕೊಂಡುಬಿಡೋಣ, ಹೇಗೋ ಆಗುತ್ತದೆ ಅಂದುಕೊಂಡೆ. ಮೇಷ್ಟ್ರಿಗೂ ಹೇಳಲಿಲ್ಲ.

ನಿನ್ನ ಮೇಲೆ ದೂರು ಹೇಳೋಣ ಅಂತ ಅತ್ತಿಗೆಗೆ ಫೋನ್ ಮಾಡಿದೆ. "ಡಾಕ್ಟರು ಬಿಟ್ಟಿದ್ರೆ ಬರ್ತಿದ್ದೆ ಅಂತ ಬರೀತಾನೆ, ಬಂದು ತಾನೇ ಓಡಿಸ್ಲಿ" ಅಂತ ಬೈದೆ. ಅತ್ತಿಗೆ, "ಡಾಕ್ಟರ್ ಬೇಡ ಅಂದಿದ್ದು ಒಂದು ವರ್ಷಕ್ಕೆ ಕಣೇ. ಆಮೇಲೆ ತೋರಿಸ್ಕೊಂಡು ಬಂದ್ವಿ, ಏನೂ ತೊಂದ್ರೆ ಇಲ್ಲ, ಹೋಗಿ ಅಂದ್ರು. ಇವ್ರೇ ಹೋಗಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡ" ಅಂದರು. ಹೇಳುತ್ತಿದ್ದೇನೆ. ಅತ್ತಿಗೆಯ ಹತ್ತಿರ ಬೈಸಿಕೊಳ್ಳುವವಳು ನಾನು, ನೀನು ಅವರನ್ನು ಏನೂ ಅನ್ನಕೂಡದು.

ಈಗ ನೀನು ಹೇಳು. ಸುಳ್ಳು ಯಾಕೆ?

ತಂಗಿ


ಏಪ್ರಿಲ್ 29

ಗುಬ್ಬಿ,

ಉತ್ತರ ತಡವಾಯಿತು. ನಾಲ್ಕೈದು ಹಾಳೆ ಹರಿದು ಒಲೆಗೆ ಹಾಕಿದೆ.

ನಿನ್ನ ಅತ್ತಿಗೆ ಹೇಳಿದ್ದು ನಿಜ. ನನಗೆ ಹೆದರಿಕೆ. ನೋಡು, ಇಷ್ಟೇ ಅಕ್ಷರ, ಬರೆಯಲು ಇಷ್ಟು ದಿನ ಹಿಡಿಯಿತು.

ಬೆನ್ನು ಹೋದದ್ದು ಆಗೆಲ್ಲ ನಾನು ಹೋಗುತ್ತಿದ್ದ ಬೋಟ್ ರೇಸಿನಲ್ಲಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಇಲ್ಲ ಅನ್ನಲಿಲ್ಲ. ಅವತ್ತು ಒಬ್ಬ ಗಿರಾಕಿಯ ಎಂಜಿನ್ ರಿಪೇರಿ ಮಾಡಿ, ಹೇಗಿದೆ ನೋಡೋಣ ಅಂತ ಒಬ್ಬನೇ ಹೋಗಿದ್ದೆ. ಅಂಥ ವೇಗವೂ ಇರಲಿಲ್ಲ. ಯಾವುದೋ ದೊಡ್ಡ ದೋಣಿ ಎಬ್ಬಿಸಿದ ಅಲೆ ಅಡ್ಡ ಬಂತು, ಬೋಟು ಎದ್ದು ಕುಕ್ಕರಿಸಿತು. ಬೆನ್ನಲ್ಲಿ ಏನೋ ಕಟ್ ಅಂತು. ಎಂಜಿನ್ ನಿಂತುಹೋಯಿತು. ಕಾಲು ಅಲ್ಲಾಡುತ್ತಿರಲಿಲ್ಲ. ಯಾರೋ ನೋಡಿ ಎಳೆದುಕೊಂಡು ಬರುವವರೆಗೆ ದೋಣಿಯ ತಳದಲ್ಲಿ ಮಲಗಿ, ಕಿವಿಯ ಪಕ್ಕದಲ್ಲೇ ನೀರು ತಟ್ಟುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಇನ್ನು ನನ್ನ ಕಾಲು ಇಲ್ಲ ಅಂತಲೇ ಅಂದುಕೊಂಡೆ. ಅತ್ತೆ. ಜೋರಾಗಿ ಅತ್ತೆ.

ಕಾಲು ವಾಪಸ್ ಬಂತು. ನೀರಿಗೆ ಹೋಗುವುದಕ್ಕೆ ಮಾತ್ರ ಆಗುತ್ತಿಲ್ಲ. ವರ್ಕ್‌ಶಾಪಿನಲ್ಲಿ ದೊಡ್ಡ ತೊಟ್ಟಿ ಇದೆ, ರಿಪೇರಿಯಾದ ಎಂಜಿನ್ನನ್ನು ಅದರಲ್ಲಿ ಮುಳುಗಿಸಿ ಓಡಿಸಿ ನೋಡುತ್ತೇನೆ. "ತೊಟ್ಟಿಲೇ ಎಲ್ಲಾ ಗೊತ್ತಾಗತ್ತೆ, ನೀರಿಗ್ಯಾಕೆ ಇಳೀಬೇಕು" ಅಂತ ಗಿರಾಕಿಗಳಿಗೆ ದೊಡ್ಡಸ್ತಿಕೆ ಕೊಚ್ಚುತ್ತೇನೆ. ತಲೆಯಾಡಿಸಿ ಹೋಗುತ್ತಾರೆ. ಡಾಕ್ಟರ ಹೆಸರು ಹೇಳುವುದು ಇನ್ನೂ ಸುಲಭ.

ನಾನು ನಿನಗೆ ದೋಣಿ ಆರಿಸುತ್ತಿರಲಿಲ್ಲ ಗುಬ್ಬಿ. ಹೆದರಿಕೆ ಬರುವುದಕ್ಕೆ ಮೊದಲು ಇದ್ದೆನಲ್ಲ, ಅವನಿಗೆ ಆರಿಸುತ್ತಿದ್ದೆ. ನೀನು ಅದರಲ್ಲಿ ಕೂರುವವಳು ಅನ್ನುವುದೇ ಮರೆತುಹೋಗಿತ್ತು. ಏನಾದರೂ ಆಗಿದ್ದರೆ ನಾನು ಯಾರಿಗೆ ಮುಖ ತೋರಿಸುತ್ತಿದ್ದೆ? ಫೋಟೋ ಕಿತ್ತಿದ್ದೇನೆ.

ಯಾವುದನ್ನು ಕೊಳ್ಳಬೇಕು ಅಂತ ಇನ್ನು ಹೇಳುವುದಿಲ್ಲ. ಕೊಳ್ಳದೆ ಇದ್ದರೂ ಸರಿ. ಉದ್ದ ಕಾಗದ ಬರೆಯುತ್ತೇನೆ, ಆ ಯೋಚನೆ ಬಿಡು.

ನಿನ್ನ ಅಣ್ಣ


ಮೇ 14

ಅಣ್ಣ,

ನಿನ್ನ ಕಾಗದ ಓದಿ ಅತ್ತೆ. ಮೇಷ್ಟ್ರು ಏನಾಯ್ತು ಅಂತ ಕೇಳಿದರು, ಅವರಿಗೂ ಓದಲು ಕೊಟ್ಟೆ. ಬೈಯಬೇಡ. ಓದಿ, ಕನ್ನಡಕ ಒರೆಸಿಕೊಂಡು, "ನಿಮ್ಮಣ್ಣ ಬಂದ್ರೆ ನನ್ನ ರೂಮಲ್ಲಿ ಮಲಗ್ಲಿ, ಅಲ್ಲಿ ಹಾಸಿಗೆ ಗಟ್ಟಿ ಇದೆ, ಬೆನ್ನಿಗೆ ಒಳ್ಳೇದು" ಅಂದರು. ಅವರು ತಮ್ಮ ರೂಮು ಬಿಟ್ಟುಕೊಡುತ್ತಾರೆ ಅಂದರೆ ಅರ್ಥ ಮಾಡಿಕೋ.

ಟೈಲ್ಸ್ ಅಂಗಡಿಯವನಿಗೆ ಬೇಡ ಅಂದೆ. "ಯಾರಾದ್ರೂ ಗಂಡಸರನ್ನ ಕರ್ಕೊಂಡ್ ಬನ್ನಿ ಮೇಡಂ, ಧೈರ್ಯ ಬರತ್ತೆ" ಅಂದ. "ಧೈರ್ಯ ಬಂದಿದ್ದಕ್ಕೇ ಬೇಡ ಅಂತಿರೋದು" ಅಂದೆ.

ಮತ್ತೆ ಈಜಿನ ಮೇಡಂ ಹತ್ತಿರ ಹೋದೆ. ಹಸಿರು ದೋಣಿ ಇನ್ನೂ ಇತ್ತು. ಎಂಜಿನ್ ಮುಟ್ಟಿದೆ, ತಣ್ಣಗೆ. ಎಣ್ಣೆ ತೆಗೆಸಿದೆ, ಒತ್ತಡ ಅಳೆಸಿದೆ, ತಲೆಯಿಂದ ಬುಡದವರೆಗೆ ತಟ್ಟಿದೆ. ಟ್ರಿಮ್ ಗುಂಡಿ ಸಿಕ್ಕಿಕೊಳ್ಳುತ್ತದೆ, ಸೀಟು ಹೊಲಿಸಬೇಕು, ಅಷ್ಟೇ. ನೀರಿಗಿಳಿಸಿದೆವು. ಮೊದಲು ಅರ್ಧ ತಳ್ಳಿದೆ. ಆಮೇಲೆ ಮುಕ್ಕಾಲು. ಆಮೇಲೆ, ಅಣ್ಣ, ಪೂರ್ತಿ. ಲಿವರ್ ಹೋಗಿ ಕೊನೆಗೆ ತಾಗಿತು, ಇನ್ನು ಮುಂದಕ್ಕೆ ಜಾಗವೇ ಇಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಗಾಳಿ, ಟೋಪಿ ಎಲ್ಲಿ ಹಾರಿತೋ ಗೊತ್ತಿಲ್ಲ. ಕಿರುಚಿದೆ. ಇದು ಬೇರೆ ಕಿರುಚು. ಮೇಡಂ ಪಕ್ಕದಲ್ಲಿ ಮೊಣಕಾಲು ಹಿಡಿದುಕೊಂಡು, "ಕಿರುಚಿ ಕಿರುಚಿ, ಇಲ್ಲಿ ಯಾರೂ ಕೇಳೋರಿಲ್ಲ" ಅಂತ ತಾವೂ ಕಿರುಚಿದರು.

ಕಪ್ಪು ದೋಣಿಯನ್ನು ಕೊಂಡಿದ್ದರೆ ಜೀವಮಾನವೆಲ್ಲ ಅರ್ಧ ಲಿವರಿನಲ್ಲೇ ಓಡಿಸುತ್ತಿದ್ದೆ. ಅರ್ಧದಲ್ಲಿ ಓಡಿಸುವ ದೊಡ್ಡದು ನನಗೆ ಬೇಡ. ಇದನ್ನು ಕೊನೆಯವರೆಗೂ ತಳ್ಳಬಲ್ಲೆ. ಕೊಂಡೆ.

ಹೆದರಿಕೆ ಹೋದಮೇಲೆ ಬರುತ್ತೇನೆ ಅನ್ನಬೇಡ. ಇಟ್ಟುಕೊಂಡೇ ಬಾ. ದಡದಲ್ಲಿ ನಿಂತು ನನ್ನನ್ನು ಬೈಯುವುದಕ್ಕಾದರೂ ಬಾ.

ತಂಗಿ


ಜೂನ್ 9

ಗುಬ್ಬಿ,

ನಿಮ್ಮಲ್ಲಿಂದ ಹೊರಟು ಊರು ತಲುಪಿದೆ. ಬೆನ್ನು ಚೆನ್ನಾಗಿದೆ. ಮೇಷ್ಟ್ರ ಹಾಸಿಗೆ ಹಾಸಿಗೆಯಲ್ಲ, ಹಲಗೆ. ಆದರೂ ಒಳ್ಳೆಯ ನಿದ್ದೆ ಬಂತು ಅಂತ ಹೇಳು.

ದೋಣಿ ಒಳ್ಳೆಯದು. ಕಟ್ಟೆಯ ಮೇಲೆ ನಿಂತು ಟ್ರೈಲರಿನ ಚಕ್ರಕ್ಕೆ ಗಾಳಿ ಸಾಲದು, ದೋಣಿ ಕಟ್ಟಿದ ಹಗ್ಗ ತೆಳು, ಬಣ್ಣ ಗಿಳಿ ಹಸಿರು ಅಂತ ನಾನು ಬೈದದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಾಲ ಕಳೆಯುತ್ತಿದ್ದೆ. ಟ್ರಿಮ್ ಗುಂಡಿ ನೋಡಬೇಕು ಅಂತ ನೆಪ ಸಿಕ್ಕಿತಲ್ಲ, ಅದು ಇಲ್ಲದಿದ್ದರೆ ಒಳಗೆ ಕಾಲಿಡುತ್ತಿರಲಿಲ್ಲ. ಗುಂಡಿಯ ರಿಪೇರಿ ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ನಾನು ಮಧ್ಯಾಹ್ನವೆಲ್ಲ ಅದನ್ನೇ ಬಿಚ್ಚಿ ಜೋಡಿಸಿ ಬಿಚ್ಚಿ ಜೋಡಿಸಿ ಮಾಡಿದೆ. ನಿನಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಸ್ಟೀರಿಂಗ್ ಹಿಡಿದು ಕೂತಿದ್ದೆ.

ಮಧ್ಯೆ ಯಾವುದೋ ದೋಣಿ ಜೋರಾಗಿ ಹೋಗಿ ಅಲೆ ಬಂತಲ್ಲ, ನಮ್ಮದು ಎದ್ದು ಇಳಿಯಿತು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಅಲೆ ಹೋಯಿತು. ನೋಡಿದರೆ ಇನ್ನೂ ಕೂತೇ ಇದ್ದೇನೆ. ಇಷ್ಟಕ್ಕೇ ಮೂರು ವರ್ಷವಾ ಅನ್ನಿಸಿತು.

ಆಗ ನೀನು, "ಹಗ್ಗ ಬಿಚ್ಚಲಾ?" ಅಂದೆ. ನಾನು, "ಇವತ್ತು ಬೇಡ" ಅಂದೆ. ನೀನು, "ಸರಿ" ಅಂದೆ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅಷ್ಟೇ. ಒತ್ತಾಯ ಮಾಡಲಿಲ್ಲ. ನೀನು ತುಂಬ ಒಳ್ಳೆಯವಳು ಅಂತ ಆಗ ಅನ್ನಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸುತ್ತಾ ಬಂದೆ, ಅರ್ಧ ದಾರಿಗೆ ಬರುವಷ್ಟರಲ್ಲಿ ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕೇಳಿದರೆ ನಾನು ಇವತ್ತು ಬೇಡ ಅಂತಲೇ ಅನ್ನುವುದು. ಇನ್ನು ಹತ್ತು ವರ್ಷ ಕೇಳಿದರೂ ಅದನ್ನೇ ಅನ್ನುತ್ತೇನೆ.

ಮುಂದಿನ ತಿಂಗಳು ನಿನ್ನ ಅತ್ತಿಗೆಯನ್ನೂ ಕರೆದುಕೊಂಡು ಬರುತ್ತೇನೆ. ಏನಾದರೂ ನೆಪ ಹುಡುಕಿ ದೋಣಿಯೊಳಗೆ ಕೂರುತ್ತೇನೆ. ನನ್ನನ್ನು ಕೇಳಬೇಡ, ಹಗ್ಗ ಬಿಚ್ಚಿಬಿಡು. ನಾನು ಬೈಯುತ್ತೇನೆ, ಬೈಸಿಕೋ.

ನಿನ್ನ ಅಣ್ಣ